ನಿಂತು ನಿಂತು ಹೊರಟ ಗಾಡಿ

ನನ್ನ ಮೋಟರ್ ಸೈಕಲ್ಲಿಗೆ ಹದಿನೆಂಟು ವರ್ಷ. ಇತ್ತೀಚೆಗೆ ಅದು ಮನೆಮುಂದೆ ಒಂದೇ ಕಿಕ್ಕಿಗೆ ಶುರುವಾಗಿ, ಏಳೆಂಟು ಕಿಲೋಮೀಟರ್ ಓಡಿ, ಸುಮ್ಮನೆ ನಿಂತುಬಿಡುತ್ತಿತ್ತು. ಮತ್ತೆ ಶುರುವಾಗುವುದು ಅದರ ಮರ್ಜಿ. ಮೆಕ್ಯಾನಿಕ್ ಎದುರು ಮಾತ್ರ ಕುದುರೆಯಂತೆ ಓಡುತ್ತಿತ್ತು! ಕೊನೆಗೆ ನಾನೇ ಮೊಬೈಲಿನಲ್ಲಿ ವೀಡಿಯೊ ನೋಡಿ ಒಂದು ವಾರ ಅಭ್ಯಾಸ ಮಾಡಿದೆ. ಪ್ಲಗ್ ಬದಲಿಸಿದೆ. ಕಾರ್ಬುರೇಟರ್ ತೊಳೆದೆ. ರೋಗ ವಾಸಿಯಾಯಿತೆಂದು ಘೋಷಿಸಿದೆ.

ಆ ಭಾನುವಾರ ಮಂಗಸೂಳಿಯಲ್ಲಿ ನನ್ನ ಹೆಂಡತಿ ಸುಮಿತ್ರಾಳ ತಮ್ಮನ ಮಗಳಿಗೆ ಹೆಸರಿಡುವುದಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಅವಳೇ.

"ಬಸ್ಸಿಗೆ ಹೋಗೂಣು ನಡೀರಿ," ಎಂದಳು.

"ನನ್ನ ರಿಪೇರಿ ಮ್ಯಾಲ ನಂಬಿಕಿ ಇಲ್ಲೇನ?"

"ನಂಬಿಕಿ ಐತ್ರಿ. ಹನ್ನೊಂದಕ್ಕ ಮುಹೂರ್ತನೂ ಐತಿ."

ನಮ್ಮೂರು ಚಿಕ್ಕೋಡಿ ಬಿಟ್ಟು ಎಂಟು ಕಿಲೋಮೀಟರಿಗೆ ಗಾಡಿ ನಿಂತಿತು. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ, ಪೆಟ್ರೋಲ್ ಬೇಕಾದಷ್ಟಿತ್ತು. ಪ್ಲಗ್ ಬಿಚ್ಚಿ ಅವಳ ಹೊಸ ಸೀರೆಯ ಸೆರಗಿಗೆ ಒರೆಸಿದೆ. ಚಾಲೂ ಆಯಿತು! "ನೋಡಿದಿ? ಪ್ಲಗ್ಗಿಂದ ತ್ರಾಸಿತ್ತು," ಎಂದೆ. ಸೆರಗಿನ ತ್ರಾಸಿನ ಬಗ್ಗೆ ಅವಳು ಮುಂದಿನ ಎಂಟು ಕಿಲೋಮೀಟರ್ ಮಾತಾಡಿದಳು.

ಅಲ್ಲಿ ಮತ್ತೆ ನಿಂತಿತು. ಮತ್ತೆ ಮುಚ್ಚಳ ತೆಗೆದು ನೋಡಿ, ಈ ಸಲ ಪೆಟ್ರೋಲ್ ಪೈಪಿಗೆ ಬಾಯಿಟ್ಟು ಊದಿದೆ. ಚಾಲೂ! ಪೈಪಿನಲ್ಲೇ ಕಸವಿತ್ತೆಂದು ತೀರ್ಪು ಕೊಟ್ಟೆ.

ಮೂರನೆಯ ಸಲ ನಿಂತದ್ದು ಕೃಷ್ಣಾ ಸೇತುವೆಯ ನಟ್ಟನಡುವೆ. ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಕನ್ನಡ, ಮರಾಠಿ ಎರಡರಲ್ಲೂ ಬೈಗುಳ. ನನಗೆ ಎರಡೂ ಚೆನ್ನಾಗಿ ಬರುತ್ತವೆ, ಅದೇ ಕಷ್ಟ! ಅಷ್ಟರಲ್ಲಿ ಸುಮಿತ್ರಾಳ ತಮ್ಮನ ಫೋನು: "ಅಕ್ಕಾ, ಕೂಸಿನ್ನ ತೊಟ್ಟಲದಾಗ ಹಾಕಾಕತ್ತಾರ. ಎಲ್ಲದೀರಿ?"

ನಾನು ಮುಚ್ಚಳಕ್ಕೆ ಕೈಹಾಕಿದೆ. ಸುಮಿತ್ರಾ ಕೈ ಹಿಡಿದಳು.

"ಮುಚ್ಚಳ ತಗದಾಗೆಲ್ಲ 'ಉಸ್' ಅಂತೈತ್ರಿ. ಆಮ್ಯಾಲ ಚಾಲೂ ಆಗ್ತೈತಿ. ಎಣ್ಣಿ ಡಬ್ಬಿಗೆ ಒಂದ ತೂತು ಹೊಡದ್ರ ಎಣ್ಣಿ ಬರ್ತೈತೇನು? ಗಾಳಿ ಹೋಗಾಕ ಇನ್ನೊಂದ ಬೇಕು."

ಮುಚ್ಚಳ ತಿರುವಿ ನೋಡಿದೆ. ಗಾಳಿಯ ತೂತಿತ್ತು. ತೂತಿನ ತುಂಬ ಗಟ್ಟಿಯಾದ ಅಂಟೂ ಇತ್ತು. ಮಳೆನೀರು ಇಳಿಯಬಾರದೆಂದು ಹೋದ ಮಳೆಗಾಲದಲ್ಲಿ ಅದಕ್ಕೆ ಬೂಚು ಬಡಿದ ಮಹಾನುಭಾವ ನಾನೇ! ಅಂದಹಾಗೆ, ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ವಾಯುಭಾರದ ಪಾಠ ಪ್ರತಿವರ್ಷ ಹೇಳುತ್ತೇನೆ.

ಮುಚ್ಚಳ ಸಡಿಲ ಬಿಟ್ಟು ಹೊರಟೆವು. ಗಾಡಿ ಎಲ್ಲೂ ನಿಲ್ಲಲಿಲ್ಲ. ಆದರೆ ಒಂದೊಂದು ತಗ್ಗಿಗೂ ಪೆಟ್ರೋಲ್ ಚಿಮ್ಮಿ ನನ್ನ ಬಿಳಿ ಪ್ಯಾಂಟಿಗೆ ಅಭಿಷೇಕವಾಯಿತು. ಮಂಗಸೂಳಿ ತಲುಪಿದಾಗ ಹನ್ನೊಂದಾಗಲು ಐದು ನಿಮಿಷವಿತ್ತು. ಸುಮಿತ್ರಾ ಓಡಿಹೋಗಿ ಕೂಸಿನ ಕಿವಿಗೆ ಬಾಯಿಟ್ಟಳು. ನಾನು ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಅತ್ತೆ ಮೂಗು ಮುಚ್ಚಿಕೊಂಡು ಕೂಗಿದರು: "ಅಳಿಯಂದ್ರ, ಒಳಗ ದೀಪ ಹಚ್ಚೀವ್ರಿ! ಅಲ್ಲೇ ನಿಂದರ್ರಿ!"

ಅಂಗಳದಲ್ಲಿ ಚಪ್ಪಲಿಗಳ ನಡುವೆ ಕೂತು ಹೋಳಿಗೆ ತಿಂದೆ. ಒಳಗೆ ಸುಮಿತ್ರಾ ನಡೆದದ್ದನ್ನು ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಕೂಸಿಗೆ ಏನು ಹೆಸರಿಟ್ಟರೆಂದು ಸಂಜೆಯವರೆಗೂ ನನಗೆ ಯಾರೂ ಹೇಳಲಿಲ್ಲ. ನನಗಿಟ್ಟ ಹೆಸರು ಮಾತ್ರ ಊಟ ಮುಗಿಯುವುದರೊಳಗೆ ಊರಿಗೆಲ್ಲ ಗೊತ್ತಾಗಿತ್ತು.

ಬೂಚಿನ ಮಾಸ್ತರ!