ಅಮೂಲ್ಯಾಳ ಹೊಟ್ಟೆನೋವಿಗೆ ಇಪ್ಪತ್ತೊಂದು ಕಾರಣ

ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಅಮೂಲ್ಯಾಳಿಗೆ ಹೊಟ್ಟೆನೋವು ಬರುತ್ತಿತ್ತು. ಪಂಚನಹಳ್ಳಿಯಲ್ಲಿ ಕರೆಂಟು ಬರುವುದಕ್ಕೂ ಹೋಗುವುದಕ್ಕೂ ಹೊತ್ತುಗೊತ್ತು ಇರಲಿಲ್ಲ, ಈ ಹೊಟ್ಟೆನೋವಿಗೆ ಮಾತ್ರ ಇತ್ತು. ನಾಲ್ಕನೇ ಕ್ಲಾಸಿನ ಹುಡುಗಿ ಯೂನಿಫಾರಂ ತೊಟ್ಟು, ಎರಡು ಜಡೆ ಹಾಕಿಸಿಕೊಂಡು, ಇನ್ನೇನು ಬ್ಯಾಗು ಬೆನ್ನಿಗೇರಿಸಬೇಕು ಅನ್ನುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಕೂತುಬಿಡುತ್ತಿದ್ದಳು. ಹತ್ತು ದಿನದಿಂದ ಊಟವೂ ಅಷ್ಟಕ್ಕಷ್ಟೆ. ಉಗುರು ಕಚ್ಚಿ ಕಚ್ಚಿ, ಇನ್ನು ಕಚ್ಚುವುದಕ್ಕೆ ಏನೂ ಉಳಿದಿರಲಿಲ್ಲ.

ಅವಳ ಅಪ್ಪ ರುದ್ರಮೂರ್ತಿಯದು ಬಸ್ ಸ್ಟಾಂಡಿನ ಪಕ್ಕ ಮೋಟಾರು ರಿವೈಂಡಿಂಗ್ ಅಂಗಡಿ. ಕಿರುಗುಟ್ಟುವ ಮೋಟಾರಿನ ಮೈಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣುಮುಚ್ಚಿ ಕೇಳಿ, "ಬೇರಿಂಗ್ ಹೋಗೈತೆ" ಎಂದು ನಿಂತಲ್ಲೇ ಹೇಳಿಬಿಡುವ ಗಟ್ಟಿಗ. ಕೈಯಷ್ಟೇ ಬಾಯಿಯೂ ಚುರುಕು. ಇಂಥವನಿಗೆ ಸ್ವಂತ ಮಗಳ ಒಳಗೆ ಏನು ಕೆಟ್ಟಿದೆ ಎಂದು ತಿಳಿಯುತ್ತಿರಲಿಲ್ಲ. ಅದು ಅವಮಾನ ಅನ್ನಿಸುತ್ತಿತ್ತು. ನಿಜ ಹೇಳಬೇಕೆಂದರೆ ಭಯವೂ ಆಗುತ್ತಿತ್ತು, ಇರುವವಳು ಒಬ್ಬಳೇ ಮಗಳು.

ಊರಿನ ಆಸ್ಪತ್ರೆಯಲ್ಲಿ, "ಹೊಟ್ಟೇಲಿ ಏನೂ ಇಲ್ಲ, ಮನಸ್ಸಲ್ಲಿ ಏನೋ ಐತೆ. ಕಡೂರಲ್ಲಿ ಮಕ್ಕಳ ಡಾಕ್ಟ್ರು ಶ್ರೀವಿದ್ಯಾ ಅವರಿಗೆ ತೋರ್ಸಿ" ಎಂದು ಹೇಳಿ ಕಳಿಸಿದ್ದರು. ಹಾಗಾಗಿ ಗುರುವಾರ ಬೆಳಿಗ್ಗೆ ರುದ್ರಮೂರ್ತಿ ಅಂಗಡಿ ತೆರೆಯದೆ, ಹೆಂಡತಿ ಸಂಗೀತಾಳನ್ನೂ ಮಗಳನ್ನೂ ಬೈಕಿನ ಮೇಲೆ ಕೂರಿಸಿಕೊಂಡು ಹೊರಟ. ಬೈಕು ಸ್ಟಾರ್ಟ್ ಆಗುವ ಮೊದಲೇ ಪಕ್ಕದ ಮನೆಯ ಉಚ್ಚಂಗಮ್ಮ ಮೊರ ಹಿಡಿದುಕೊಂಡೇ ಅಡ್ಡ ಬಂದಳು.

"ಎಲ್ಲಿಗೋ ರುದ್ರ?"

"ಕಡೂರಿಗೆ ದೊಡ್ಡಮ್ಮ, ಡಾಕ್ಟ್ರ ಹತ್ರ."

"ಡಾಕ್ಟ್ರಿಗೇನು ಗೊತ್ತು ಇದೆಲ್ಲ? ಮಗೀಗೆ ದೃಷ್ಟಿ ಆಗೈತೆ ಕಣೋ. ಮೊನ್ನೆ ನೀವಾಳಿಸಿ ಒಲೆಗೆ ಹಾಕಿದ್ನಲ್ಲ, ಮೆಣಸಿನಕಾಯಿ ಘಾಟೇ ಬರ್ಲಿಲ್ಲ!"

"ಇಡೀ ಬೀದಿ ಕೆಮ್ತಿತ್ತಲ್ಲ ದೊಡ್ಡಮ್ಮ?" ಎಂದಳು ಸಂಗೀತಾ.

"ಬೀದಿಗೆ ದೃಷ್ಟಿ ಆಗಿರ್ಲಿಲ್ಲ, ಅದಕ್ಕೇ ಕೆಮ್ತು. ತಡಿ, ನಾನೂ ಬತ್ತೀನಿ. ಆ ಡಾಕ್ಟ್ರಮ್ಮಂಗೆ ನಾನೇ ಬಿಡಿಸಿ ಹೇಳ್ತೀನಿ."

ಉಚ್ಚಂಗಮ್ಮ ಸೀರೆ ಬದಲಾಯಿಸಲು ಒಳಗೆ ಹೋದಳು. ಅಷ್ಟರಲ್ಲಿ ಎದುರು ಮನೆಯಿಂದ ನಿವೃತ್ತ ಹೆಡ್‌ಮಾಸ್ಟರ್ ಪಂಚಾಕ್ಷರಪ್ಪನವರು ಒಂದು ಕಾಗದ ಬೀಸುತ್ತ ಬಂದರು. ವಾಟ್ಸಾಪಿನಲ್ಲಿ ಬಂದದ್ದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ದರು. "ಮಕ್ಕಳಲ್ಲಿ ಆತಂಕ: ಇಪ್ಪತ್ತೊಂದು ಕಾರಣಗಳು" ಎಂದು ಮೇಲೆ ದಪ್ಪಕ್ಷರದಲ್ಲಿ ಇತ್ತು.

"ಕಾರಣ ಗೊತ್ತಿಲ್ದೆ ಡಾಕ್ಟ್ರ ಮುಂದೆ ಹೋಗಿ ನಿಂತ್ಕೊಂಡ್ರೆ ಮರ್ಯಾದೆ ಏನಪ್ಪಾ? ದಾರೀಲಿ ಒಂದೊಂದೇ ಟಿಕ್ ಮಾಡ್ಕೊಂಡು ಹೋಗೋಣ. ನಾನೂ ಬರ್ತೀನಿ" ಎಂದರು. ಮೂವತ್ತಾರು ವರ್ಷ ಹಾಜರಿ ಕೂಗಿದವರಿಗೆ ಬೇಡ ಅನ್ನುವುದು ರುದ್ರಮೂರ್ತಿಯ ಕೈಲಾಗಲಿಲ್ಲ. ಬೈಕು ಒಳಗೆ ಹೋಯಿತು, ಬಾಡಿಗೆ ಓಮ್ನಿ ಬಂತು.

ಓಮ್ನಿ ಊರು ದಾಟುವ ಮೊದಲೇ ವಿಚಾರಣೆ ಶುರುವಾಯಿತು. ಪಂಚಾಕ್ಷರಪ್ಪನವರು ಕನ್ನಡಕ ಏರಿಸಿದರು.

"ಒಂದು, ಪರೀಕ್ಷೆಯ ಭಯ. ಪರೀಕ್ಷೆ ಇಲ್ಲ, ಬಿಡಿ. ಎರಡು, ಅತಿಯಾದ ಮೊಬೈಲು. ಇದೇ ಇರಬೇಕು!"

"ಅವಳ ಹತ್ರ ಮೊಬೈಲೇ ಇಲ್ಲ ಸಾರ್" ಎಂದ ರುದ್ರಮೂರ್ತಿ.

"ಹಂಗಾದ್ರೆ ಅದೇ ಕೊರಗು. ಟಿಕ್. ಮೂರು, ಗೆಳೆಯರ ಕೀಟಲೆ. ನಾಲ್ಕು, ಮನೆಯಲ್ಲಿ ತಂದೆ ತಾಯಿಯ ಜಗಳ."

"ನಮ್ಮನೇಲಿ ಜಗಳ ಇಲ್ಲ ಸಾರ್. ನಾನು ಒಂದು ದಿನ ದನಿ ಎತ್ತಿಲ್ಲ" ಎಂದ ರುದ್ರಮೂರ್ತಿ.

ಸಂಗೀತಾ ತಿರುಗಿ ನೋಡಿದಳು. "ಎತ್ತಿಲ್ವಾ? ಮೊನ್ನೆ ಸಾರಿಗೆ ಉಪ್ಪು ಜಾಸ್ತಿ ಆಗಿದ್ದಕ್ಕೆ ಯಾರು ಕೂಗಾಡಿದ್ದು?"

"ಅದು ಕೂಗಾಟ ಅಲ್ಲ ಕಣೇ, ಹೇಳಿದ್ದು!"

"ಈಗ ಮಾಡ್ತಿರೋದೂ ಹೇಳೋದೇನಾ?"

"ಲೇ, ಸುಮ್ನಿರ್ತೀಯಾ ಇಲ್ವಾ?"

ಪಂಚಾಕ್ಷರಪ್ಪನವರು ನಾಲ್ಕಕ್ಕೆ ಎರಡು ಟಿಕ್ ಹಾಕಿದರು. ಐದನೆಯದು ಹಿರಿಯರ ಅತಿಯಾದ ಮಧ್ಯಪ್ರವೇಶ ಎಂದಿತ್ತು. ಅದನ್ನು ಮನಸ್ಸಿನಲ್ಲೇ ಓದಿಕೊಂಡು, ಕೆಮ್ಮಿ, ಆರಕ್ಕೆ ಹೋದರು. ಕಡೂರು ಬರುವಷ್ಟರಲ್ಲಿ ಹದಿನಾಲ್ಕು ಟಿಕ್ ಬಿದ್ದಿದ್ದವು. ಕಿಟಕಿಗೆ ಹಣೆ ಆನಿಸಿ ಕೂತಿದ್ದ ಅಮೂಲ್ಯಾಳನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ.

ಡಾಕ್ಟರ್ ಶ್ರೀವಿದ್ಯಾ ಅವರ ಕೋಣೆಗೆ ಐದೂ ಜನ ಒಟ್ಟಿಗೇ ನುಗ್ಗಿದರು.

"ನಿನ್ನ ಹೆಸರೇನು ಪುಟ್ಟಿ?"

"ಅಮೂಲ್ಯಾ" ಎಂದು ನಾಲ್ಕು ದನಿ ಬಂದವು. ಅದರಲ್ಲಿ ಅಮೂಲ್ಯಾಳ ದನಿ ಇರಲಿಲ್ಲ.

"ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಾ?"

"ಎಲ್ಲಿ ಬತ್ತೈತೆ ತಾಯಿ, ಮಂಡಿ ಸೆಳೆತ!" ಎಂದಳು ಉಚ್ಚಂಗಮ್ಮ, ಸೀರೆ ಸ್ವಲ್ಪ ಮೇಲೆತ್ತಿ ಮಂಡಿ ತೋರಿಸುತ್ತ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಮಗು ಒಬ್ಬಳೇ ಇರಲಿ, ಉಳಿದವರೆಲ್ಲ ದಯವಿಟ್ಟು ಹೊರಗೆ ಕೂತಿರಿ" ಎಂದರು. ಪಂಚಾಕ್ಷರಪ್ಪನವರು ಇಪ್ಪತ್ತೊಂದು ಕಾರಣಗಳನ್ನು ಮೇಜಿನ ಮೇಲಿಟ್ಟು ಬಂದರು.

ಹೊರಗೆ ಐದು ನಿಮಿಷ ಕಳೆಯುವುದರಲ್ಲಿ ರುದ್ರಮೂರ್ತಿಗೆ ತಡೆಯಲಾಗಲಿಲ್ಲ. ಒಳಗೆ ಮಗಳು ಏನೋ ಹೇಳುತ್ತಿದ್ದಾಳೆ, ಹೆತ್ತ ತಂದೆ ಬೆಂಚಿನ ಮೇಲೆ ಕೂತಿದ್ದಾನೆ. ಜೇಬಿನಲ್ಲಿ ಸದಾ ಇರುವ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಬಾಗಿಲಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣುಮುಚ್ಚಿದ. ಮೋಟಾರಿಗೂ ಮನುಷ್ಯರಿಗೂ ವ್ಯತ್ಯಾಸವಿದೆ ಎಂದು ಗೊತ್ತಾಗುವಷ್ಟರಲ್ಲಿ ನರ್ಸು ಒಳಗಿನಿಂದ ಬಾಗಿಲು ಎಳೆದಳು. ರುದ್ರಮೂರ್ತಿ ಸ್ಕ್ರೂಡ್ರೈವರ್ ಸಮೇತ ಒಳಗೆ ಬಿದ್ದ. ತಾನು ಬಾಗಿಲ ಬೀಗ ಬಿಚ್ಚುತ್ತಿರಲಿಲ್ಲ ಎಂದು ನರ್ಸನ್ನು ನಂಬಿಸಲು ಕಾಲು ಗಂಟೆ ಹಿಡಿಯಿತು, ಅದೂ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಕೊನೆಗೆ ಡಾಕ್ಟರು ಅವನನ್ನೊಬ್ಬನನ್ನೇ ಕರೆದರು. "ನಿಮ್ಮ ಮಗಳಿಗೆ ಕಾಯಿಲೆ ಏನೂ ಇಲ್ಲ. ಒಂದು ಆತಂಕ ಇದೆ, ಅದಕ್ಕೆ ಕಾರಣವೂ ಇದೆ. ಈ ಪಟ್ಟಿಯಲ್ಲಿರೋದು ಯಾವುದೂ ಅಲ್ಲ. ಅವಳ ಬಾಯಿಂದಲೇ ಕೇಳಿಸ್ಕೊಳ್ಳಿ. ಬೈಬೇಡಿ, ನಗಬೇಡಿ, ಮಧ್ಯೆ ಬಾಯಿ ಹಾಕಬೇಡಿ. ನೀವಿಬ್ಬರೇ ಎಲ್ಲಾದ್ರೂ ಹೋಗಿ ಕೂತು ಮಾತಾಡಿ."

ಉಳಿದವರನ್ನು ಎಳನೀರಿನ ಗಾಡಿಯ ಹತ್ತಿರ ನಿಲ್ಲಿಸಿ ಅಪ್ಪ, ಮಗಳು ಎದುರಿನ ಹೋಟೆಲಿಗೆ ಹೋದರು. ರುದ್ರಮೂರ್ತಿ ಎರಡು ಮಸಾಲೆ ದೋಸೆ ಹೇಳಿದ.

"ಅಪ್ಪ, ಬೈಯಲ್ವಾ?"

"ಇಲ್ಲ ಕಣಮ್ಮ."

"ಡಾಕ್ಟ್ರು ಹೇಳಿದ್ರು, ಈ ಚಿಂತೆ ನಿಂದಲ್ಲ, ನಿಮ್ಮಪ್ಪಂದು, ಅವರಿಗೇ ಕೊಟ್ಬಿಡು ಅಂತ."

"ಕೊಡು ಮಗಳೇ, ನಾನಿರೋದು ಯಾತಕ್ಕೆ?" ಎಂದು ರುದ್ರಮೂರ್ತಿ ಎದೆ ಮುಂದೆ ಮಾಡಿ ಕೂತ.

"ಬಸವೇಶ್ ಮೇಷ್ಟ್ರು ಅಮೃತಮಹಲ್ ದನದ ಪಾಠ ಮಾಡಿದ್ರು. ಗುರ್ತಿಲ್ದೋರು ಹತ್ರ ಹೋದ್ರೆ ತಿವಿದು ಹಾಕ್ತವೆ, ಯಾರೂ ಮುಟ್ಟೋಕಾಗಲ್ಲ ಅಂದ್ರು. ನಾನು ಎದ್ದು ನಿಂತು, ನಮ್ಮಪ್ಪ ಅವು ಮೇಯೋ ಎಮ್ಮೆದೊಡ್ಡಿ ಕಾವಲಲ್ಲಿ ಹೋರಿ ಕೊಂಬು ಹಿಡ್ದು ನಿಲ್ಸಿದ್ರು ಅಂತ ಹೇಳ್ಬಿಟ್ಟೆ."

ರುದ್ರಮೂರ್ತಿಯ ಎದೆ ಸ್ವಲ್ಪ ಹಿಂದೆ ಸರಿಯಿತು. ಅದು ಮಗಳಿಗೆ ಊಟ ಮಾಡಿಸಲು ಅವನೇ ಹೇಳುತ್ತಿದ್ದ ಕತೆ. ಒಂದೊಂದು ತುತ್ತಿಗೂ ಹೋರಿಯ ಕೊಂಬು ಗೇಣುದ್ದ ಬೆಳೆಯುತ್ತಿತ್ತು.

"ಮೇಷ್ಟ್ರಿಗೆ ಖುಷಿಯಾಗ್ಬಿಡ್ತು. ಈ ಶನಿವಾರ ಎಲ್ರನ್ನೂ ಕಾವಲಿಗೆ ಕರ್ಕೊಂಡು ಹೋಗ್ತಾರಂತೆ. ಅಲ್ಲಿ ನೀನು ಹಿಡ್ದು ತೋರಿಸ್ಬೇಕಂತೆ. ನಿನಗೆ ಹೇಳು ಅಂದ್ರು, ನಾನು ಹೇಳ್ಲಿಲ್ಲ."

"ಯಾಕಮ್ಮ? ಅಪ್ಪಂಗೆ ಏಟಾಗುತ್ತೆ ಅಂತ ಹೆದರ್ಕೊಂಡ್ಯಾ?"

"ಅಲ್ಲಪ್ಪ. ಎಮ್ಮೆದೊಡ್ಡಿ ಅಜ್ಜಿಗೆ ಫೋನ್ ಮಾಡಿ ಕೇಳಿದೆ. ಅದು ಹೋರಿ ಅಲ್ವಂತೆ, ಕರು ಅಂತೆ. ನೀನು ಜಾಲಿ ಮರ ಹತ್ತಿದ್ದಂತೆ. ಇಳಿಸೋಕೆ ಏಣಿ ತಂದ್ರಂತೆ." ಅಮೂಲ್ಯಾಳ ತುಟಿ ನಡುಗಿತು. "ನಮ್ಮ ಕ್ಲಾಸಿನೋರ ಮುಂದೆ ನೀನು ಮರ ಹತ್ತಿಬಿಟ್ರೆ ಎಲ್ಲ ನಗ್ತಾರಲ್ಲಪ್ಪ, ನಿನ್ನ ನೋಡಿ."

ಹತ್ತು ದಿನ ಈ ಮಗು ಅನ್ನ ಬಿಟ್ಟು, ಉಗುರು ಕಚ್ಚಿಕೊಂಡು ಅಪ್ಪನ ಮಾನ ಕಾದಿತ್ತು. ರುದ್ರಮೂರ್ತಿ ನಾಚಿದ, ಮಗಳ ತಲೆ ಸವರಿದ. "ತಪ್ಪು ನಂದು ಕಣಮ್ಮ. ಈಗಲೇ ನಿನ್ನೆದುರಿಗೇ ಮೇಷ್ಟ್ರಿಗೆ ಫೋನ್ ಮಾಡಿ, ಅದೆಲ್ಲ ಸುಳ್ಳು ಅಂತ ಹೇಳ್ಬಿಡ್ತೀನಿ. ಸರಿನಾ?"

ಅಮೂಲ್ಯಾ ಮೂಗು ಒರೆಸಿಕೊಂಡು ತಲೆಯಾಡಿಸಿದಳು. ಚಿಂತೆ ಅಪ್ಪನ ಕೈಗೆ ದಾಟಿಸಿದ್ದೇ ಅವಳಿಗೆ ಹತ್ತು ದಿನದ ಹಸಿವು ಒಟ್ಟಿಗೇ ಬಂದಿರಬೇಕು. ತನ್ನ ದೋಸೆ ಮುಗಿಸಿ ಅಪ್ಪನ ತಟ್ಟೆ ಎಳೆದುಕೊಂಡಳು. ಅದನ್ನು ನೋಡಿದ ರುದ್ರಮೂರ್ತಿಗೆ ಧೈರ್ಯ ಬಂತು. ನಂಬರ್ ಒತ್ತಿ, ಮಗಳಿಗೂ ಕೇಳಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

"ಮೇಷ್ಟ್ರೇ, ನಮಸ್ಕಾರ. ನಾನು ರುದ್ರಮೂರ್ತಿ, ಅಮೂಲ್ಯಾ ತಂದೆ. ಶನಿವಾರದ ವಿಚಾರ ಒಂದು ಮಾತು..."

"ಓಹೋ, ನಾನೇ ಫೋನ್ ಮಾಡೋನಿದ್ದೆ!" ಬಸವೇಶ್ ಮೇಷ್ಟ್ರ ದನಿ ಸಪ್ಪಗಿತ್ತು. "ದಯವಿಟ್ಟು ಬೇಜಾರು ಮಾಡ್ಕೋಬೇಡಿ. ಕಾವಲಿಗೆ ಮಕ್ಕಳನ್ನ ಕರ್ಕೊಂಡು ಹೋಗೋಕೆ ಪರ್ಮಿಷನ್ ಸಿಗ್ಲಿಲ್ಲ. ಪ್ರೋಗ್ರಾಂ ಕ್ಯಾನ್ಸಲ್."

ರುದ್ರಮೂರ್ತಿಗೆ ಹೋದ ಜೀವ ಬಂದಂತಾಯಿತು. ಇಲ್ಲಿಗೆ ಥ್ಯಾಂಕ್ಸ್ ಹೇಳಿ ಫೋನಿಟ್ಟಿದ್ದರೆ ಅವನು ರುದ್ರಮೂರ್ತಿ ಆಗುತ್ತಿರಲಿಲ್ಲ. ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು.

"ಛೇ ಛೇ, ಎಂಥಾ ಕೆಲ್ಸ ಆಗೋಯ್ತು ಮೇಷ್ಟ್ರೇ! ನಾನು ಒಂದು ವಾರದಿಂದ ರೆಡಿಯಾಗಿದ್ದೆ. ಎಂಥಾ ಹೋರಿ ಆದ್ರೂ ಸೈ, ಎರಡು ನಿಮಿಷ ಸಾಕಿತ್ತು ನನಗೆ. ಮಕ್ಕಳಿಗೆ ನೋಡೋ ಯೋಗ ಇಲ್ಲ, ಏನ್ಮಾಡೋದು."

ಅಮೂಲ್ಯಾ ದೋಸೆ ಮುರಿಯುವುದನ್ನು ನಿಲ್ಲಿಸಿ ಅಪ್ಪನ ಮುಖವನ್ನೇ ನೋಡಿದಳು.

"ಹೌದಾ? ರೆಡಿಯಾಗಿದೀರಾ?" ಮೇಷ್ಟ್ರ ದನಿಗೆ ಜೀವ ಬಂತು. "ಹಂಗಾದ್ರೆ ಕೇಳಿ. ನಮ್ಮ ಶಾಲಾ ಸಮಿತಿ ಅಧ್ಯಕ್ಷರು ಹರಾಜಲ್ಲಿ ಒಂದು ಅಮೃತಮಹಲ್ ಹೋರಿ ತಂದವ್ರೆ. ನಾಲ್ಕು ಆಳು ಸೇರಿದ್ರೂ ಮೂಗುದಾರ ಹಾಕೋಕೆ ಬಿಟ್ಟಿಲ್ಲ. ಶಾಲೆ ಮೈದಾನಕ್ಕೇ ಹೊಡ್ಕೊಂಡು ಬರ್ತೀನಿ, ಆ ರುದ್ರಮೂರ್ತಿಯವರು ಒಪ್ತಾರಾ ಕೇಳಿ ಅಂದ್ರು. ಇದ್ದಕ್ಕಿದ್ದಂಗೆ ಹೇಗೆ ಕೇಳೋದು ಅಂತ ನಾನೇ ಹಿಂಜರಿತಿದ್ದೆ. ನೀವೇ ಬಾಯ್ಬಿಟ್ಟು ಹೇಳಿದ್ದು ಒಳ್ಳೇದಾಯ್ತು. ಮಕ್ಕಳೇ, ಶನಿವಾರ ಅಮೂಲ್ಯಾಳ ತಂದೆ ಬರ್ತಾ ಇದಾರೆ!"

ಆ ಕಡೆಯಿಂದ ನಾಲ್ಕನೇ ಕ್ಲಾಸಿನ ಮಕ್ಕಳೆಲ್ಲ ಹೋ ಎಂದು ಕೂಗಿದ್ದು ಹೋಟೆಲಿನ ಕ್ಯಾಷ್ ಟೇಬಲ್ಲಿನವರೆಗೂ ಕೇಳಿಸಿತು. ಫೋನು ಕಟ್ಟಾಯಿತು.

ಅಮೂಲ್ಯಾ ಕೈಯಲ್ಲಿದ್ದ ದೋಸೆಯ ಚೂರನ್ನು ತಟ್ಟೆಗೆ ಹಾಕಿ, ಮೆಲ್ಲಗೆ ಹೊಟ್ಟೆ ಹಿಡಿದುಕೊಂಡಳು.

"ಅಪ್ಪ, ಮತ್ತೆ ನೋಯ್ತಾ ಐತೆ."

ರುದ್ರಮೂರ್ತಿ ಒಂದು ಲೋಟ ನೀರು ಕುಡಿದು, ಇನ್ನೊಂದು ಲೋಟ ತರಿಸಿಕೊಂಡು, "ನನಗೂ ಕಣಮ್ಮ" ಎಂದ.