ಬಂದೂಕು ಒಪ್ಪಿಸಲು ಅರ್ಹರಾದವರು

ಬಂದೂಕು ಹಿಂಸಾಚಾರ ಇಳಿಕೆ ಅಭಿಯಾನವು ಮಾನ್ವಿಯಲ್ಲಿ ಉದ್ಘಾಟನೆಗೊಂಡ ದಿನ ಚೀಕಲಪರ್ವಿ ಗ್ರಾಮದಲ್ಲಿ ಒಟ್ಟು ಒಂದು ಬಂದೂಕು ಇತ್ತು. ಅದರಿಂದ ಅದುವರೆಗೆ ಯಾವ ಮನುಷ್ಯನೂ ಸತ್ತಿರಲಿಲ್ಲ. ಹಂದಿಯೂ ಸತ್ತಿರಲಿಲ್ಲ. ಈ ಅಂಕಿಅಂಶವನ್ನು ಓದುಗರು ಗಮನದಲ್ಲಿಟ್ಟುಕೊಂಡರೆ ಅಭಿಯಾನವು ಸಾಧಿಸಿದ ಪ್ರಗತಿಯನ್ನು ಅಳೆಯಲು ಅನುಕೂಲವಾಗುತ್ತದೆ.

ಆ ಬಂದೂಕು ಮುದುಕಪ್ಪನದು. ಗದ್ದೆಗೆ ನುಗ್ಗುವ ಹಂದಿಗಳನ್ನು ಬೆದರಿಸಲೆಂದು ಲೈಸೆನ್ಸ್ ಮಾಡಿಸಿ ತಂದ ಒಂಟಿ ನಳಿಗೆಯದು. ಮುದುಕಪ್ಪ ಸಾಯುವ ಮೊದಲು ಇಬ್ಬರು ಮಕ್ಕಳಿಗೆ ಹೊಲ ಹಂಚಿ, ಮನೆಯ ನಡುವೆ ಗೋಡೆ ಎಬ್ಬಿಸಿ, ಗೋಡೆಯಲ್ಲಿ ಒಂದು ಬಾಗಿಲು ಬಿಡಿಸಿ, ಆ ಬಾಗಿಲಿಗೆ ಬೇಕೆಂದೇ ಚಿಲಕ ಹಾಕಿಸದೆ ಹೋದ. ಗೋಡೆಯ ಆಚೆ ಕಿರಿಯ ಮಗ ಮಲ್ಲೇಶ, ಈಚೆ ಹಿರಿಯ ಮಗ ಹನುಮೇಶ. ಈ ಕಡೆಯ ರೊಟ್ಟಿ ಆ ಕಡೆಗೆ, ಆ ಕಡೆಯ ಮಜ್ಜಿಗೆ ಈ ಕಡೆಗೆ ನಡುಬಾಗಿಲಲ್ಲೇ ಹಾಯುತ್ತಿದ್ದವು. ಬಂದೂಕು ಮಾತ್ರ ಹನುಮೇಶನ ಪಡಸಾಲೆಯ ಗೂಟದಲ್ಲಿ ಉಳಿಯಿತು.

ಅಣ್ಣತಮ್ಮಂದಿರಿಗೆ ಜಗಳವೇ ಇರಲಿಲ್ಲ ಎಂದರೆ ಸುಳ್ಳಾದೀತು. ಕಾಲುವೆಗೆ ನೀರು ಬಿಟ್ಟಾಗ ಯಾರ ಪಾಳಿ ಮೊದಲು ಎಂದು ವರ್ಷಕ್ಕೊಂದು ಜಗಳವನ್ನು ಇಬ್ಬರೂ ತಪ್ಪದೆ ಮಾಡುತ್ತಿದ್ದರು. ಹೋದ ವರ್ಷದ ಜಗಳದಲ್ಲಿ ಮಲ್ಲೇಶ ಪಡಸಾಲೆಯೊಳಗೇ ಬಂದು ತೋಳೇರಿಸಿದಾಗ ಹನುಮೇಶನ ಕಣ್ಣು ತಾನಾಗಿಯೇ ಗೂಟದ ಕಡೆ ಹೋಯಿತು. ಒಂದು ಕ್ಷಣ, ಅಷ್ಟೇ. ಮಲ್ಲೇಶ ಅದನ್ನು ನೋಡಲಿಲ್ಲ, ಹನುಮೇಶನ ಹೆಂಡತಿ ಬಾಲಮ್ಮ ನೋಡಿದಳು. ಹನುಮೇಶನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಗಿ ಆ ದಿನ ಊಟ ಸೇರಲಿಲ್ಲ.

ಬಾಲಮ್ಮ ಎರಡು ದಿನ ಗೂಟದ ಕೆಳಗೆ ಹಾಯದೆ ಸುತ್ತಿ ಓಡಾಡಿದಳು. ಮೂರನೆಯ ದಿನ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಹೇಳಿದಳು.

"ಅದನ್ನ ಎಲ್ಲ್ಯರ ಕೊಟ್ಟು ಬರ್ರಿ. ಅದು ಮನ್ಯಾಗ ಇದ್ರ ನನಗ ನಿದ್ದಿ ಹತ್ತಂಗಿಲ್ಲ."

ಹೀಗಾಗಿ ಹನುಮೇಶ ಬಂದೂಕನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮಾನ್ವಿಯ ಬಸ್ಸು ಹತ್ತಿದ. ಅಭಿಯಾನ ಕೋಶದ ಬಾಗಿಲಿಗೆ 'ಬಂದೂಕು ಒಪ್ಪಿಸಿ, ಬದುಕು ಉಳಿಸಿ' ಎಂಬ ದೊಡ್ಡ ಬ್ಯಾನರ್ ಕಟ್ಟಿದ್ದರು. ಅದರ ಖರ್ಚನ್ನು ರಾಯಚೂರಿನ ಒಬ್ಬ ಬಂದೂಕು ವ್ಯಾಪಾರಿ ಸಾಮಾಜಿಕ ಕಳಕಳಿಯಿಂದ ವಹಿಸಿಕೊಂಡಿದ್ದ. ಒಳಗೆ ಕೂತಿದ್ದ ಚಂದ್ರಕಲಾ ಮೇಡಂ ಒಳ್ಳೆಯ ಹೆಂಗಸು. ಬಂದವರಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಆಮೇಲೆ ನಿಯಮ ಹೇಳುತ್ತಿದ್ದರು.

ನಿಯಮ ನಾಲ್ಕರ ಪ್ರಕಾರ ಬಂದೂಕನ್ನು ಒಪ್ಪಿಸುವ ಹಕ್ಕು ಲೈಸೆನ್ಸ್ ಇದ್ದವನಿಗೆ ಮಾತ್ರ. ಮುದುಕಪ್ಪ ತೀರಿಕೊಂಡಿದ್ದರಿಂದ ಅವನ ಲೈಸೆನ್ಸ್ ಕೂಡ ತೀರಿಕೊಂಡಿತ್ತು. ಈಗ ಹನುಮೇಶನಿಂದ ಬಂದೂಕು ಪಡೆದರೆ ಅವನ ಬಳಿ ಲೈಸೆನ್ಸ್ ಇಲ್ಲದ ಬಂದೂಕು ಇತ್ತೆಂದು ಒಪ್ಪಿದ ಹಾಗಾಗುತ್ತದೆ, ಒಪ್ಪಿದರೆ ಕೇಸು ಹಾಕಬೇಕಾಗುತ್ತದೆ, ಅಭಿಯಾನದ ಅವಧಿಯಲ್ಲಿ ಬಂದೂಕಿನ ಕೇಸು ಹೆಚ್ಚಾದರೆ ಅಭಿಯಾನ ಸೋತಿತೆಂದು ಮೇಲಿನವರು ಬರೆಯುತ್ತಾರೆ. ಮೇಡಂ ಇದನ್ನೆಲ್ಲ ಸಮಾಧಾನದಿಂದ ತಿಳಿಸಿದರು.

"ಮೊದಲ ನಿಮ್ಮ ಹೆಸರಿಗಿ ಲೈಸೆನ್ಸ್ ಮಾಡಿಸ್ಕೋರಿ. ಆಮ್ಯಾಲ ತಂದು ಒಪ್ಪಿಸ್ರಿ. ನಮ್ಮದೇನೂ ತಕರಾರಿಲ್ಲ," ಎಂದರು.

ಲೈಸೆನ್ಸಿಗೆ ಕಾರಣ ಬೇಕು. ಹಂದಿಗಳ ಕಾಟ ಎಂದು ಬರೆಯಬಹುದಿತ್ತು, ಆದರೆ ಹಂದಿಗಳ ಜಂಟಿ ಸಮೀಕ್ಷೆಗೆ ಮೂರು ವರ್ಷ ಹಿಡಿಯುತ್ತದೆ. ಮನುಷ್ಯರಿಂದ ಜೀವಬೆದರಿಕೆ ಇದ್ದರೆ ಮೂವತ್ತು ದಿನದಲ್ಲಿ ಆಗುತ್ತದೆ. ಬೆದರಿಕೆ ಮಾತ್ರ ಲಿಖಿತವಾಗಿರಬೇಕು.

ಹನುಮೇಶ ಕಂಬಳಿಯ ಗಂಟನ್ನು ವಾಪಸ್ ತಂದು ಕಟ್ಟೆಯ ಮೇಲೆ ಕೂತು ಯೋಚಿಸಿದ. ನಲವತ್ತೆಂಟು ವರ್ಷದ ಬದುಕಿನಲ್ಲಿ ಒಬ್ಬನೇ ಒಬ್ಬ ವೈರಿಯನ್ನು ಸಂಪಾದಿಸದೆ ಉಳಿದದ್ದು ಈಗ ದೊಡ್ಡ ಕೊರತೆಯಾಗಿ ಕಂಡಿತು. ವಿಷಯ ಕೇಳಿ ಮಲ್ಲೇಶ ನಡುಬಾಗಿಲಿಂದ ಈಚೆ ಬಂದ.

"ನಿನಗ ಬ್ಯಾರೆ ಯಾರ ಅದಾರ ಯಣ್ಣಾ? ಬೆದರಿಕಿ ನಾನ ಹಾಕ್ತೀನಿ ಬಿಡು," ಎಂದ.

ತಮ್ಮನ ಪ್ರೀತಿಗೆ ಹನುಮೇಶ ಕಟ್ಟೆಯ ಮೇಲೆ ಸರಿದು ಜಾಗ ಕೊಟ್ಟ. ಮರುದಿನ ಇಬ್ಬರೂ ಒಂದೇ ಮೋಟರ್ ಸೈಕಲ್ ಮೇಲೆ ಮಾನ್ವಿಗೆ ಹೋದರು. ಕಚೇರಿಯ ಎದುರು ಬೇವಿನ ಗಿಡದ ಕೆಳಗೆ ದಸ್ತಗೀರ್ ಸಾಬ್ ಮೂವತ್ತು ವರ್ಷದಿಂದ ಪಾಲುಪತ್ರ, ಖರೀದಿಪತ್ರ ಬರೆಯುತ್ತಿದ್ದ. ಬೆದರಿಕೆಯನ್ನು ಛಾಪಾ ಕಾಗದದ ಮೇಲೆ ಬರೆದದ್ದು ಇದೇ ಮೊದಲಾದರೂ ಅವನು ಅಕ್ಷರದಲ್ಲಿ ಜಿಪುಣತನ ಮಾಡುವವನಲ್ಲ. ಅಣ್ಣನನ್ನು ಚಹಾ ತರಲು ಕಳಿಸಿ, ತಮ್ಮನನ್ನು ಹತ್ತಿರ ಕೂಡಿಸಿಕೊಂಡು, ವ್ಯಾಜ್ಯದ ವಿವರ ಕೇಳಿ ಬರೆದ. ಹನುಮೇಶ ಚಹಾ ತಂದ ಮೇಲೆ ಗಟ್ಟಿಯಾಗಿ ಓದಿದ:

'ಸದರಿ ನನ್ನ ಅಣ್ಣನು ನನ್ನ ಪಾಲಿನ ಕಾಲುವೆ ನೀರನ್ನು ವರ್ಷಾನುಗಟ್ಟಲೆ ಕದ್ದಿರುತ್ತಾನೆ. ತಂದೆಯವರು ಇರುವಾಗ ನಾನು ಬಾಯಿ ಬಿಟ್ಟಿರುವುದಿಲ್ಲ. ಅವನ ಮುಖ ಕಂಡಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಕಾರಣ ಅವನ ಪ್ರಾಣ ತೆಗೆಯುವುದಾಗಿ ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ, ಸ್ಥಿರಬುದ್ಧಿಯಿಂದ ಬರೆದುಕೊಟ್ಟ ಬೆದರಿಕೆ ಪತ್ರ ಸಹಿ.'

ಓದಿ ಮುಗಿಸಿ ಕಾಗದವನ್ನು ಮುಂದೆ ಸರಿಸಿದ. ಹನುಮೇಶ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದ. ಹಾಕಿದವನು ಪೆನ್ನು ಕೊಡುತ್ತ ಮೆಲ್ಲಗೆ ಕೇಳಿದ, "ವರ್ಷಾನುಗಟ್ಟಲೆ ಅಂತ ನೀ ಹೇಳಿದಿ ಏನು?"

"ಬರಿಯಾಕ ಏನರ ಬೇಕಲ್ಲ ಯಣ್ಣಾ," ಎಂದು ಮಲ್ಲೇಶ ಚಹಾದ ಲೋಟದೊಳಗೆ ನೋಡಿದ.

ಬೆದರಿಕೆ ಖರೆಯೋ ಅಲ್ಲವೋ ಎಂದು ತನಿಖೆ ಮಾಡಲು ಪೊಲೀಸ್ ಪೇದೆ ಮಾರೆಪ್ಪ ಊರಿಗೆ ಬಂದ. ಬಾಲಮ್ಮ ಮಾಡಿದ ಉಪ್ಪಿಟ್ಟು ತಿಂದು ನಮೂನೆ ತೆಗೆದ. ಅದರಲ್ಲಿ 'ಕೃತ್ಯ ಎಸಗುವ ಅಂದಾಜು ದಿನಾಂಕ' ಎಂಬ ಅಂಕಣವಿತ್ತು. ಖಾಲಿ ಬಿಡುವ ಹಾಗಿರಲಿಲ್ಲ. ಮಲ್ಲೇಶ ನಗುತ್ತ, ಕಾಲುವೆಗೆ ನೀರು ಬಿಟ್ಟ ಮೇಲೆ ಎಂದು ಬರೆದುಕೊಳ್ಳಿ ಎಂದ. ಮಾರೆಪ್ಪ ನಗದೆ ಬರೆದುಕೊಂಡ.

ಹೋಗುವಾಗ ಮಾರೆಪ್ಪ ಮಲ್ಲೇಶನನ್ನು ಪಕ್ಕಕ್ಕೆ ಕರೆದು ಒಂದು ಹಿತವಚನ ಹೇಳಿದ. ನಿಯಮ ಒಂಬತ್ತರ ಪ್ರಕಾರ ಯಾರಿಗೆ ಬೆದರಿಕೆ ಹಾಕಿದ್ದೀಯೋ ಅವನಿಗೆ ಲೈಸೆನ್ಸ್ ಸಿಗುವುದಾದರೆ ಅವನಿಂದ ನಿನ್ನ ಜೀವಕ್ಕೆ ಅಪಾಯವಿದೆ ಎಂದೇ ಅರ್ಥ, ನೀನೂ ಅರ್ಜಿ ಹಾಕಬಹುದು ಎಂದು. ಮಲ್ಲೇಶ ಹಾಕಿದ. ಮಾನ್ವಿಯಲ್ಲಿ ಆ ತಿಂಗಳು ತೆಗೆದುಕೊಳ್ಳಬೇಕಾದ ಅರ್ಜಿಗಳ ಲೆಕ್ಕ ಮುಗಿದಿತ್ತು, ಆದರೆ ಹೆಂಡತಿಯ ಕಡೆಯಿಂದ ಬಂದ ಎರಡು ಎಕರೆ ದೇವದುರ್ಗದಲ್ಲಿದ್ದುದರಿಂದ ಅವನ ಫೈಲು ದೇವದುರ್ಗದ ಕೋಶಕ್ಕೆ ಹೋಯಿತು. ಒಪ್ಪಿಸಲು ಬಂದೂಕೇ ಇಲ್ಲದವರು ಒಪ್ಪಿಸುವ ಸಲುವಾಗಿ ಅರ್ಜಿಯ ರಸೀದಿ ತೋರಿಸಿ ಖರೀದಿಸಬಹುದೆಂದು ನಿಯಮ ಹನ್ನೊಂದು ಹೇಳುತ್ತಿತ್ತು, ಮತ್ತು ಬ್ಯಾನರ್ ಕಟ್ಟಿಸಿದ ವ್ಯಾಪಾರಿ ಅಂಥವರಿಗೆ ಹತ್ತು ಪರ್ಸೆಂಟ್ ಬಿಡುತ್ತಿದ್ದ. ಮಲ್ಲೇಶ ಜೋಡಿ ನಳಿಗೆಯದು ತಂದ.

ಲೈಸೆನ್ಸಿಗೆ ಗುರಿ ತರಬೇತಿ ಕಡ್ಡಾಯ. ಅಣ್ಣತಮ್ಮಂದಿರು ರಾಯಚೂರಿಗೆ ಒಂದೇ ತಂಡದಲ್ಲಿ ಹೋದರು. ದೂರದಲ್ಲಿ ಹಲಗೆಯ ಮೇಲೆ ಒಬ್ಬ ಮನುಷ್ಯನ ಆಕಾರ ಬರೆದಿದ್ದರು. ಬಂದೂಕಿನ ಸಹವಾಸ ಬಿಡಲೆಂದೇ ಬಂದ ಹನುಮೇಶ ಎರಡು ಸಲ ಗುರಿ ತಪ್ಪಿ ಮೂರನೆಯ ಸಲ ಹಲಗೆಯ ಮನುಷ್ಯನ ಭುಜಕ್ಕೆ ಹೊಡೆದ, ಮತ್ತು ಹೊಡೆದಾಗ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಮಲ್ಲೇಶ ಮೊದಲ ಗುಂಡಿಗೇ ಎದೆಯ ನಡುವೆ ಹೊಡೆದು ಅಣ್ಣನ ಕಡೆ ತಿರುಗಿ ನಕ್ಕ. ಸಣ್ಣವನಿದ್ದಾಗಿಂದಲೂ ಅವನು ಹಾಗೇ ನಗುತ್ತಿದ್ದ. ಆ ದಿನ ವಾಪಸ್ ಬರುವಾಗ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಬಂದರು.

ಮೂವತ್ತು ದಿನಕ್ಕೆ ಸರಿಯಾಗಿ ಹನುಮೇಶನ ಲೈಸೆನ್ಸ್ ಬಂತು, ಬೆನ್ನಿಗೇ ಮಲ್ಲೇಶನದೂ ಬಂತು. ಒಂದು ಸೋಮವಾರ ಹನುಮೇಶ ಕಂಬಳಿಯಲ್ಲಿ ಸುತ್ತಿದ ಬಂದೂಕು, ಲೈಸೆನ್ಸ್ ಎರಡನ್ನೂ ತೆಗೆದುಕೊಂಡು ಚಂದ್ರಕಲಾ ಮೇಡಂ ಮುಂದೆ ನಿಂತ. ಮೇಡಂ ಸಂತೋಷದಿಂದ ಕುರ್ಚಿ ಕೊಟ್ಟು, ನೀರು ಕೊಟ್ಟು, ಒಂದು ಸಣ್ಣ ತೊಡಕಿದೆ ಎಂದರು. ಜೀವಬೆದರಿಕೆ ಇದ್ದವನ ಆಯುಧ ಕಸಿದುಕೊಂಡರೆ ಅದು ಕರ್ತವ್ಯಲೋಪ. ಆದರೂ ಮೇಡಂ ಅವನಿಗಾಗಿ ಫೈಲುಗಳನ್ನು ತಿರುವಿ ಒಂದು ದಾರಿ ಹುಡುಕಿಟ್ಟಿದ್ದರು. ಹನುಮೇಶ ತನ್ನ ಸ್ವಂತ ಜವಾಬ್ದಾರಿಯ ಮೇಲೆ ಈ ದಿನ ಇಲ್ಲಿ ಒಪ್ಪಿಸಬಹುದು. ಅದರ ರಸೀದಿ ತೋರಿಸಿ ಮಲ್ಲೇಶ ದೇವದುರ್ಗದಲ್ಲಿ ತನ್ನದನ್ನು ಒಪ್ಪಿಸಬಹುದು. ಅಲ್ಲಿ ಸ್ವೀಕಾರ ಇರುವುದು ಗುರುವಾರ ಮಾತ್ರ.

"ಮೂರು ದಿನದ ಮಾತು ಹನುಮೇಶ ಅವ್ರ. ನಿಮ್ಮ ತಮ್ಮನ ಅಲ್ಲೇನ್ರಿ," ಎಂದು ಮೇಡಂ ಶಿಕ್ಕೆಯನ್ನು ಮಸಿಗೆ ಒತ್ತಿ ಎತ್ತಿ ಹಿಡಿದರು.

ಹನುಮೇಶ ಶಿಕ್ಕೆಯನ್ನೇ ನೋಡಿದ. ಇಷ್ಟು ದಿನ ಅಲೆದದ್ದು ಈ ಗಳಿಗೆಗಾಗಿ. ಸಹಿ ಹಾಕಿದರೆ ಮುಗಿಯಿತು, ಗೂಟ ಖಾಲಿ, ಬಾಲಮ್ಮನಿಗೆ ನಿದ್ದೆ. ಮಲ್ಲೇಶ ತನ್ನನ್ನು ಏನೂ ಮಾಡುವವನಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ವರ್ಷಾನುಗಟ್ಟಲೆ ಎಂದು ಅವನು ಹೇಳಿದ್ದೂ ಗೊತ್ತಿತ್ತು. ಸೋಮವಾರ, ಮಂಗಳವಾರ, ಬುಧವಾರ, ಮಧ್ಯೆ ಚಿಲಕವಿಲ್ಲದ ಬಾಗಿಲು. ಅವನ ಕೈ ತಾನಾಗಿ ಕಂಬಳಿಯ ಮೇಲೆ ಬಿತ್ತು.

"ಈಗ ಬ್ಯಾಡ ಬಿಡ್ರಿ ಮೇಡಂರ. ಮುಂದ ನೋಡೂಣು."

ಮೇಡಂ ಬೇಸರಿಸಲಿಲ್ಲ. ಎಲ್ಲರೂ ಈ ಹಂತದಲ್ಲಿ ಹಾಗೇ ಅನ್ನುತ್ತಾರೆಂದೂ, ಅದಕ್ಕೆಂದೇ ಒಂದು ರಿಜಿಸ್ಟರ್ ಇದೆಯೆಂದೂ ತಿಳಿಸಿ, 'ಒಪ್ಪಿಸಲು ಸಿದ್ಧನಿದ್ದು ಬಾಕಿ' ಎಂಬಲ್ಲಿ ಅವನ ಹೆಸರು ಬರೆದುಕೊಂಡರು. ಹನುಮೇಶ ಮಾನ್ವಿಯ ಸಂತೆಯಲ್ಲಿ ಒಂದು ಚಿಲಕ ಕೊಂಡು ಊರಿಗೆ ಬಂದ. ನಡುಬಾಗಿಲಿಗೆ ಅದನ್ನು ಬಡಿಯುವಾಗ ಆಚೆಯಿಂದಲೂ ಸುತ್ತಿಗೆಯ ಸದ್ದು ಕೇಳಿಸಿತು.

ಅಣ್ಣತಮ್ಮಂದಿರಿಬ್ಬರ ಬಳಿ ಬಂದೂಕು ಇರುವುದನ್ನು ಕಂಡು ಅಕ್ಕಪಕ್ಕದವರಿಗೆ ಧೈರ್ಯ ಸಾಲದೆ ಅವರೂ ಅರ್ಜಿ ಹಾಕಿದರು. ದಸ್ತಗೀರ್ ಸಾಬ್ ಬೆದರಿಕೆ ಪತ್ರದ ಮಾದರಿಯನ್ನು ಅಚ್ಚು ಹಾಕಿಸಿ ಹೆಸರಿಗೆ ಜಾಗ ಬಿಟ್ಟ. ಆರು ತಿಂಗಳಲ್ಲಿ ಚೀಕಲಪರ್ವಿಯ ಬಂದೂಕುಗಳು ಇಪ್ಪತ್ತೇಳಾದವು. ರಾಯಚೂರಿನಲ್ಲಿ ನಡೆದ ಸಮಾರಂಭದಲ್ಲಿ ಗ್ರಾಮಕ್ಕೆ ಮಾದರಿ ಗ್ರಾಮ ಪ್ರಶಸ್ತಿ ಬಂತು. ಒಂದು ಬಂದೂಕಿದ್ದಾಗ ಸತ್ತವರು ಸೊನ್ನೆ, ಇಪ್ಪತ್ತೇಳು ಇರುವಾಗಲೂ ಸೊನ್ನೆ, ಆದ್ದರಿಂದ ಶಾಂತಿ ಇಪ್ಪತ್ತೇಳು ಪಟ್ಟು ಹೆಚ್ಚಿದೆ ಎಂದು ವರದಿ ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಪ್ಪಿಸಲು ಅರ್ಹರಾದವರಿಗೆಲ್ಲ ಪ್ರಮಾಣಪತ್ರ ಕೊಟ್ಟರು. ಹನುಮೇಶ ಮೊದಲ ಸಾಲಿನಲ್ಲಿ, ಮಲ್ಲೇಶ ಕೊನೆಯ ಸಾಲಿನಲ್ಲಿ ಕೂತಿದ್ದರು. ಬೆನ್ನ ಹಿಂದೆ ತಮ್ಮನಿದ್ದಾನೆಂದು ಹನುಮೇಶನಿಗೆ ಕಾರ್ಯಕ್ರಮದಲ್ಲಿ ಮನಸ್ಸು ನಿಲ್ಲಲಿಲ್ಲ.

ಹನುಮೇಶ ತನ್ನ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೂಟದ ಪಕ್ಕದಲ್ಲೇ ತೂಗುಹಾಕಿದ. ಮಜ್ಜಿಗೆ ಈಗಲೂ ಬರುತ್ತದೆ, ಬೀದಿಯಿಂದ ಸುತ್ತಿ ಬರುತ್ತದೆ.

ಮೊನ್ನೆ ಊರಲ್ಲಿ ಡಂಗುರ ಹೊಡೆದರು, ಬರುವ ಸೋಮವಾರ ಕಾಲುವೆಗೆ ನೀರು ಬಿಡುತ್ತಾರೆ ಎಂದು. ಬಾಲಮ್ಮ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅದು ಗೂಟದಾಗ ಅದನೊ ಇಲ್ಲೊ ಒಂದ ಸಲ ನೋಡಿ ಬರ್ರಿ," ಎಂದಳು. "ಇಲ್ಲಂದ್ರ ನನಗ ನಿದ್ದಿ ಹತ್ತಂಗಿಲ್ಲ."

ಹನುಮೇಶ ಎದ್ದು ಹೋಗಿ ನೋಡಿದ. ಇತ್ತು.