ನಾನು ಮದರ್‌ಬೋರ್ಡ್ ಪರಿಶೀಲಿಸಿದ್ದು

ನಮ್ಮ ಮನೆಯ ಕಂಪ್ಯೂಟರ್ ಕೆಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸ್ವಲ್ಪ ನಿಧಾನವಾಗಿತ್ತು, ಅಷ್ಟೆ. ತರೀಕೆರೆಯ ಅಂಗಡಿಯವನು ಫೋನಿನಲ್ಲೇ ತೀರ್ಪು ಕೊಟ್ಟ: "ಸಾರ್, ಹಳೇ ಮದರ್‌ಬೋರ್ಡು. ಇನ್ನೊಂದು ರ್‍ಯಾಮ್ ಹಾಕಕ್ಕೆ ಜಾಗ ಇರಲ್ಲ. ಬೋರ್ಡೇ ಬದಲಾಯಿಸ್ಬಿಡಿ."

ನಾನು ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮಾಡಿದವನು. ಕಣ್ಣಾರೆ ನೋಡದೆ ಯಾರ ಮಾತನ್ನೂ ನಂಬಬಾರದೆಂದು ಅಲ್ಲಿ ಕಲಿತೆ. ನನ್ನ ನೆನಪನ್ನೂ ನಂಬಬಾರದೆಂದು ಮದುವೆಯಾದ ಮೇಲೆ ಕಲಿತೆ. ಆದ್ದರಿಂದ ಸದರಿ ಬೋರ್ಡಿನ ವಿನ್ಯಾಸವನ್ನೂ ಸಂಪರ್ಕ ವ್ಯವಸ್ಥೆಯನ್ನೂ ಖುದ್ದಾಗಿ ಪರಿಶೀಲಿಸಲು ತೀರ್ಮಾನಿಸಿದೆ.

"ಇವತ್ತು ಬೇಡ ಕಣ್ರೀ," ಎಂದಳು ಹೆಂಡತಿ ಶಾರದಾ. ಅವಳದು ಕಸೂತಿ ಕೆಲಸ. ಹೂಬಳ್ಳಿಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಪೆನ್‌ಡ್ರೈವಿನಲ್ಲಿ ಕಸೂತಿ ಮೆಷಿನ್ನಿಗೆ ಕೊಡುತ್ತಾಳೆ. "ಪಕ್ಕದ್ಮನೆ ಫಾತಿಮಾ ಮಗಳ ನಿಕಾಹ್ ನಾಡಿದ್ದು. ಅವಳ ಕುರ್ತಾ ಡಿಸೈನು ಅದ್ರಲ್ಲೇ ಇದೆ. ಒಂದು ತಿಂಗಳು ಕೂತು ಬಿಡಿಸಿದೀನಿ."

"ಹತ್ತೇ ನಿಮಿಷ ಕಣೇ. ತೆಗೀತೀನಿ, ನೋಡ್ತೀನಿ, ಮುಚ್ತೀನಿ."

ಪಕ್ಕದ ತಗಡು ಬಿಚ್ಚಿದೆ. ಯಾವ ವೈರು ಎಲ್ಲಿತ್ತೆಂಬುದು ಮರೆತುಹೋದರೆ? ಫೋನಿನಲ್ಲಿ ಹನ್ನೊಂದು ಫೋಟೊ ತೆಗೆದೆ. ಫೋನು ಕೈಜಾರಿ ಬಿದ್ದರೆ? ಅವನ್ನೆಲ್ಲ ಕಂಪ್ಯೂಟರಿಗೆ ಸಾಗಿಸಿ, ಜಾಗ ಸಾಲದ ಫೋನಿನಿಂದ ಅಳಿಸಿಹಾಕಿದೆ. ಆಮೇಲೆ ಕಂಪ್ಯೂಟರ್ ಆರಿಸಿ ಕೆಲಸಕ್ಕೆ ಕೂತೆ.

ವೈರುಗಳ ಪೊದೆಯಲ್ಲಿ ಬೋರ್ಡೇ ಕಾಣುತ್ತಿರಲಿಲ್ಲ. ಒಂದನ್ನು ಕಿತ್ತೆ. ಅದರ ಹಿಂದೆ ಇನ್ನೊಂದು. ಎಲ್ಲವನ್ನೂ ಕಿತ್ತ ಮೇಲೆ ಕಂಡಿತು, ರ್‍ಯಾಮಿನ ಪಕ್ಕದಲ್ಲೇ ಒಂದು ಖಾಲಿ ಜಾಗ! ತರೀಕೆರೆ ಸೋತಿತ್ತು. ನಮ್ಮೂರು ಅಜ್ಜಂಪುರ ಗೆದ್ದಿತ್ತು!

"ಸರಿ, ಗೆದ್ರಿ. ಈಗ ಜೋಡಿಸಿ," ಎಂದಳು ಶಾರದಾ.

"ಫೋಟೊ ನೋಡ್ಕೊಂಡು ಜೋಡಿಸ್ತೀನಿ," ಎಂದೆ.

ಫೋಟೊಗಳು ಬಹಳ ಭದ್ರವಾಗಿದ್ದವು. ನಾನು ಬಿಚ್ಚಿ ಹರವಿಕೊಂಡಿದ್ದ ಕಂಪ್ಯೂಟರಿನೊಳಗೆ!

ಉಳಿದದ್ದು ನನ್ನ ನೆನಪೊಂದೇ. ಕೆಂಪು ವೈರು ಎಡಕ್ಕಿತ್ತೆಂದು ಆಣೆ ಮಾಡಬಲ್ಲೆ. ಬಲಕ್ಕಿತ್ತೆಂದೂ ಆಣೆ ಮಾಡಬಲ್ಲೆ. ತೋಚಿದಂತೆ ಸಿಕ್ಕಿಸಿ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಂದು ರೀತಿ ಸಿಕ್ಕಿಸಿದೆ. ಅದೇ ಮೌನ.

ಅಷ್ಟರಲ್ಲಿ ಕಾಂಪೌಂಡಿನಾಚೆಯಿಂದ ಫಾತಿಮಾ ಕೂಗಿದಳು: "ಅಕ್ಕಾ, ಕುರ್ತಾ ಆಯ್ತಾ?"

"ನಾಳೆ ಸಂಜೆಗೆ ಕೊಡ್ತೀನಿ ಕಣೇ," ಎಂದಳು ಶಾರದಾ. ನನ್ನನ್ನು ಬೈಯಲಿಲ್ಲ. ಪಕ್ಕದಲ್ಲಿ ಕೂತಳು. ಅವಳ ಬೆರಳು ಮಡಿಲ ಮೇಲೆ ಬಳ್ಳಿಯ ಗೆರೆ ಎಳೆಯುತ್ತಿತ್ತು. ಅಷ್ಟನ್ನೂ ಒಂದೇ ದಿನದಲ್ಲಿ ಮತ್ತೆ ಬಿಡಿಸಲು ಆದೀತೇ ಎಂದು ನೋಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

"ತಪ್ಪಾಯ್ತು ಕಣೇ," ಎಂದೆ.

"ಸರೀರಿ ಆ ಕಡೆ," ಎಂದು ಕನ್ನಡಕ ಹಾಕಿಕೊಂಡಳು. ಒಂದು ವೈರನ್ನು ಎತ್ತಿ ಸಡಿಲ ಬಿಟ್ಟಳು. ಅದು ತಾನೇ ಒಂದು ಕಡೆಗೆ ಬಾಗಿತು. "ನೋಡಿ, ಬೀರುವಿನಲ್ಲಿಟ್ಟ ಸೀರೆಗೆ ಮಡಿಕೆ ಗುರುತು ಇರಲ್ವಾ? ಇದೂ ಅಷ್ಟೇ. ಇಷ್ಟ್ ವರ್ಷ ಎಲ್ಲಿ ಬಗ್ಗಿ ಕೂತಿತ್ತೋ ಅಲ್ಲಿಗೇ ಹೋಗತ್ತೆ."

ದೊಡ್ಡ ವೈರುಗಳೆಲ್ಲ ಒಂದೊಂದಾಗಿ ಮನೆ ಸೇರಿದವು. ಗುಂಡಿಯ ಸಣ್ಣ ವೈರುಗಳು ಉಳಿದವು.

"ಅವು ಬಹಳ ಜಟಿಲ," ಎಂದು ಎಚ್ಚರಿಸಿದೆ.

"ಬೋರ್ಡಿನ ಮೇಲೆ ಹೆಸರು ಬರ್ದಿದೆಯಲ್ರೀ! ವೈರಿನ ತುದೀಲೂ ಬರ್ದಿದೆ!"

ವಿನ್ಯಾಸದ ಪರಿಶೀಲನೆಯಲ್ಲಿ ಈ ಅಂಶ ನನ್ನ ಗಮನಕ್ಕೆ ಬಂದಿರಲಿಲ್ಲ.

ಪರದೆ ಬೆಳಗಿತು. ಬಳ್ಳಿಯ ಒಂದು ಎಲೆಯೂ ಉದುರಿರಲಿಲ್ಲ. ಶಾರದಾ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನೂ ಒರೆಸಿಕೊಂಡೆ, ಬೆವರೆಂದು ಹೇಳಿ.

ಮರುದಿನ ಸಂಜೆ ಕುರ್ತಾ ಒಯ್ಯಲು ಫಾತಿಮಾಳ ಜೊತೆ ಅವಳ ಗಂಡ ಬಷೀರ್ ಸಾಬರೂ ಬಂದರು. "ಕಂಪ್ಯೂಟರ್ ಪೂರಾ ಬಿಚ್ಚೋಗಿತ್ತಂತೆ. ಯಾರಮ್ಮಾ ರಿಪೇರಿ ಮಾಡಿದ್ದು?"

"ಇನ್ಯಾರು, ನಮ್ಮನೆಯೋರೇ!" ಎಂದಳು ಶಾರದಾ, ನನ್ನ ಕಡೆ ನೋಡದೆ.

ನಿಜ ಹೇಳಲೆಂದು ಬಾಯಿ ತೆರೆದೆ. ಗೌರವ ಹಿತವಾಗಿತ್ತು. ಮುಚ್ಚಿದೆ.

ನಿಕಾಹ್ ಮುಗಿದು ಮಗಳು ಗಂಡನ ಮನೆಗೆ ಹೋದಳು. ಮೂರನೆಯ ದಿನ ಬಷೀರ್ ಸಾಬರು ತಮ್ಮ ಮನೆಯ ಕಂಪ್ಯೂಟರನ್ನು ಕೂಸಿನಂತೆ ಅಪ್ಪಿಕೊಂಡು ನಮ್ಮ ಬಾಗಿಲಲ್ಲಿ ನಿಂತರು. "ಸಾರ್, ಇದು ಯಾಕೋ ಆನ್ ಆಗ್ತಾನೇ ಇಲ್ಲ. ಹುಡುಗಿ ಚಿಕ್ಕೋಳಿದ್ದಾಗ ಹಾಡಿದ್ದು, ನಕ್ಕಿದ್ದು ಎಲ್ಲಾ ಇದ್ರೊಳಗೇ ಐತೆ. ಬೇರೆಯೋರ ಕೈಗೆ ಕೊಡಕ್ಕೆ ಭಯ. ನೀವೇ ನೋಡ್ಬೇಕು."

ನನ್ನ ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋದವು. ಬಾಗಿಲಲ್ಲಿ ಅವರೆದುರೇ ನಿಂತು, ಒಳಗೆ ಮುಖ ಮಾಡಿ ಕೂಗಿದೆ:

"ಶಾರದಾ, ನಾನು ಮನೇಲಿಲ್ಲ ಅಂತ ಹೇಳೇ!"